ಮಾವನವರ ಕ್ಯಾಥೆಟರ್: ಸೊಸೆಯ ಕೆಲಸವೇ?

ಪ್ರಶ್ನೆ: ನಮ್ಮ ಮನೆ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹತ್ತಿರ. ಮಾವನವರಿಗೆ 76 ವರ್ಷ, ಶುಗರ್ ಇದೆ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿಕೊಂಡಿತೆಂದು ಮೂರು ವಾರದ ಕೆಳಗೆ ಆಸ್ಪತ್ರೆಯಲ್ಲಿ ಕ್ಯಾಥೆಟರ್ ಹಾಕಿ ಕಳಿಸಿದರು. ಸಿಸ್ಟರ್ ಗಡಿಬಿಡಿಯಲ್ಲಿ ಹೇಳಿದ್ದು ಅರ್ಧ ಮರೆತುಹೋಗಿದೆ. ನಮ್ಮ ಯಜಮಾನರು ಬೆಳಿಗ್ಗೆ ಹೋದರೆ ಬರುವುದು ರಾತ್ರಿಯೇ. ಅತ್ತೆಗೆ ಮಂಡಿನೋವು, ಬಗ್ಗಲಾಗುವುದಿಲ್ಲ. ಮಾವನವರು ನಾಚಿಕೊಂಡು ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡು ಟವೆಲ್ ಮುಚ್ಚುತ್ತಾರೆ. ಬ್ಯಾಗ್ ತುಂಬುತ್ತದೆಂದು ನೀರು ಕುಡಿಯುವುದಿಲ್ಲ. ದೇವರಮನೆಗೂ ಹೋಗುತ್ತಿಲ್ಲ. ಎರಡು ದಿನದಿಂದ ಮೂತ್ರ ಮಬ್ಬಾಗಿದೆ, ವಾಸನೆ ಬೇರೆ. ಪೈಪಿನ ಪಕ್ಕದಲ್ಲೂ ಸ್ವಲ್ಪ ಒಸರುತ್ತದೆ. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಕೊಡಲೇ? ಹೋಂ ನರ್ಸ್ ಇಡುವಷ್ಟು ಅನುಕೂಲವಿಲ್ಲ. ಇದೆಲ್ಲ ಸೊಸೆ ಮಾಡಬೇಕಾದ ಕೆಲಸವೇ?
— ಹೆಸರು ಬೇಡ, ಹನುಮಂತನಗರ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಲ್ಲ. ನಿಮ್ಮ ಅತ್ತೆಯದೂ ಅಲ್ಲ. ಇದರಲ್ಲಿ ಮುಕ್ಕಾಲು ಪಾಲು ನಿಮ್ಮ ಮಾವನವರೇ ಮಾಡಿಕೊಳ್ಳಬಹುದಾದ ಕೆಲಸ. ಅವರಿಗೆ ಕೈ ಆಡುತ್ತದೆ, ಕಣ್ಣು ಕಾಣುತ್ತದೆ ಎಂದಾದರೆ ಬೇರೆಯವರು ಯಾಕೆ ತೊಳೆಯಬೇಕು? ಯಾರೂ ಕಲಿಸಲಿಲ್ಲ, ಅಷ್ಟೇ. ಭಾನುವಾರ ನಿಮ್ಮ ಯಜಮಾನರು ಒಂದು ಸಲ ಜೊತೆಗೆ ನಿಂತು ಮಾಡಿಸಲಿ. ಅರ್ಧ ನಾಚಿಕೆ ಅಲ್ಲೇ ಹೋಗುತ್ತದೆ.

ಬಚ್ಚಲಿನಲ್ಲಿ ಸ್ಟೂಲ್ ಮೇಲೆ ಕೂರಲಿ. ಬ್ಯಾಗನ್ನು ಸೊಂಟಕ್ಕಿಂತ ಕೆಳಗೆ, ಬಕೆಟ್ಟಿನ ಹಿಡಿಗೆ ಸಿಕ್ಕಿಸಲಿ. ಮೊದಲು ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಬೇಕು. ಆಮೇಲೆ ಮುಂದೊಗಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಟ್ಯೂಬ್ ಒಳಗೆ ಹೋಗುವ ಜಾಗವನ್ನು ಮೈಗೆ ಹಚ್ಚುವ ಸೋಪು ಮತ್ತು ಬೆಚ್ಚಗಿನ ನೀರಿನಲ್ಲಿ ತೊಳೆಯಲಿ. ಟ್ಯೂಬನ್ನು ಒಂದು ಕೈಯಲ್ಲಿ ಅಲ್ಲಾಡದಂತೆ ಹಿಡಿದು, ಮೈ ಕಡೆಯಿಂದ ಹೊರಕ್ಕೆ ಒಂದು ಅಂಗೈಯುದ್ದ ಒರೆಸಬೇಕು. ಹೊರಗಿನಿಂದ ಒಳಕ್ಕೆ ಒರೆಸಬಾರದು. ಒಣಗಿಸಿದ ಮೇಲೆ ಮುಂದೊಗಲನ್ನು ಮರೆಯದೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಬಾತುಕೊಂಡು ಅದೇ ಒಂದು ತುರ್ತು ಸಮಸ್ಯೆಯಾಗುತ್ತದೆ. ದಿನಕ್ಕೊಂದು ಸಲ, ಮಲವಿಸರ್ಜನೆಯಾದ ಮೇಲೆ ಇನ್ನೊಂದು ಸಲ, ಸಾಕು. ಡೆಟಾಲ್, ಪೌಡರ್, ಅರಿಶಿನ ಯಾವುದೂ ಬೇಡ. ಹೆಚ್ಚು ಉಜ್ಜಿದಷ್ಟೂ ಚರ್ಮ ಕೆಡುತ್ತದೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಫೋಲೀಸ್’ ಎಂದು ಬರೆದಿರಬಹುದು. ಅದು 1930ರ ದಶಕದಲ್ಲಿ ಈ ಬಲೂನಿನ ಕ್ಯಾಥೆಟರನ್ನು ರೂಪಿಸಿದ ಅಮೆರಿಕದ ಯೂರಾಲಜಿಸ್ಟ್ ಫ್ರೆಡರಿಕ್ ಫೋಲಿಯವರ ಹೆಸರು. ಟ್ಯೂಬಿನ ತುದಿಯ ಪುಟ್ಟ ಬಲೂನಿಗೆ ಸಾಮಾನ್ಯವಾಗಿ 10 ಮಿಲಿಯಷ್ಟು ನೀರು ತುಂಬಿರುತ್ತಾರೆ. ಟ್ಯೂಬ್ ಜಾರಿ ಬಾರದಂತೆ ಮೂತ್ರಕೋಶದೊಳಗೆ ಹಿಡಿದಿಡುವುದು ಅದೇ. ಏಳುವಾಗ ಬ್ಯಾಗ್ ಮಂಚಕ್ಕೆ ಸಿಕ್ಕಿಕೊಂಡು ಜಗ್ಗಿದರೆ ಆ ಉಬ್ಬಿದ ಬಲೂನು ಮೂತ್ರನಾಳವನ್ನು ಹರಿದುಕೊಂಡು ಬರುತ್ತದೆ. ಆದ್ದರಿಂದ ಟ್ಯೂಬನ್ನು ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಟೇಪ್ ಹಾಕಿ ಅಂಟಿಸಿ. ತೊಡೆಯನ್ನು ದಿನ ಬಿಟ್ಟು ದಿನ ಬದಲಾಯಿಸಿ.

ಇನ್ನು ಬ್ಯಾಗು. ಮಡಿಲಲ್ಲಿಟ್ಟು ಟವೆಲ್ ಮುಚ್ಚುವುದು ಇವತ್ತೇ ನಿಲ್ಲಬೇಕು. ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರದಿದ್ದರೆ ಮೂತ್ರ ಇಳಿಯುವುದಿಲ್ಲ, ಇಳಿದದ್ದೂ ವಾಪಸ್ ಹೋಗಬಹುದು. ಹಾಗೆಂದು ನೆಲಕ್ಕೂ ತಾಗಬಾರದು. ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಕೆಳಗಿನ ಬಾಯಿಂದ ಮಗ್ಗಿಗೆ ಬಗ್ಗಿಸಿ. ಬಾಯಿ ಮಗ್ಗಿಗೆ ತಾಗದಿರಲಿ. ಟ್ಯೂಬ್ ಮತ್ತು ಬ್ಯಾಗ್ ಸೇರುವ ಜೋಡಣೆಯನ್ನು ತೊಳೆಯುವ ನೆಪದಲ್ಲೂ ಬಿಚ್ಚಬೇಡಿ. ಸೋಂಕು ಒಳಹೋಗುವ ಹೆದ್ದಾರಿ ಅದು. ಬ್ಯಾಗ್ ಬದಲಿಸಬೇಕಾದಾಗ ಸಿಸ್ಟರ್ ಕೈಯಲ್ಲೇ ಮಾಡಿಸಿ, ಹಾಗೇ ನೋಡಿ ಕಲಿತುಕೊಳ್ಳಿ. ಹಳೆಯದನ್ನು ಖಾಲಿ ಮಾಡಿ, ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಸ್ಯಾನಿಟರಿ ಕಸದ ಜೊತೆ ಕೊಡಿ. ಒಣಕಸಕ್ಕೆ ಸೇರಿಸಿದರೆ ಪೌರಕಾರ್ಮಿಕರು ಬರಿಗೈಯಲ್ಲಿ ಮುಟ್ಟಬೇಕಾಗುತ್ತದೆ.

ಹಗಲು ಹೊತ್ತಿಗೆ ಕಾಲಿಗೆ ಕಟ್ಟುವ ಲೆಗ್ ಬ್ಯಾಗ್ ಸಿಗುತ್ತದೆ. ಪಂಚೆಯೊಳಗೆ ಇರುವುದೇ ಗೊತ್ತಾಗದು. ರಾತ್ರಿ ಅದರ ಕೆಳಗಿನ ಬಾಯಿಗೇ ದೊಡ್ಡ ಬ್ಯಾಗ್ ಜೋಡಿಸಿದರಾಯಿತು. ಮೊದಲ ಸಲ ಓಪಿಡಿಯಲ್ಲಿ ಹಾಕಿಸಿಕೊಂಡು ಬನ್ನಿ, ವಾಕಿಂಗೂ ಮತ್ತೆ ಶುರುವಾಗಲಿ. ದೇವರಮನೆಯ ವಿಚಾರದಲ್ಲಿ ನಮ್ಮಂಥ ನರ್ಸಮ್ಮಂದಿರ ಮಾತಿಗಿಂತ ನಿಮ್ಮ ಮನೆ ಪುರೋಹಿತರ ಮಾತು ಹೆಚ್ಚು ನಾಟುತ್ತದೆ. ಅವರ ಬಾಯಲ್ಲೇ ಹೇಳಿಸಿ.

ಆಂಟಿಬಯೋಟಿಕ್ ಕೊಡಬೇಡಿ. ಟ್ಯೂಬ್ ಒಳಗಿದ್ದು ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಸೇರಿರುತ್ತದೆ. ಬರೀ ಮಬ್ಬು, ಬರೀ ವಾಸನೆಗೆ ಮಾತ್ರೆ ನುಂಗಿದರೆ ಆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ, ನಿಜವಾಗಿ ಬೇಕಾದಾಗ ಮಾತ್ರೆ ಕೆಲಸ ಮಾಡುವುದಿಲ್ಲ. ನೀವು ಬರೆದದ್ದನ್ನು ನೋಡಿದರೆ ನೀರು ಸಾಲದೆ ಮೂತ್ರ ಗಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು. ಹೃದಯ, ಕಿಡ್ನಿ ತೊಂದರೆಯಿಂದ ನೀರು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿಲ್ಲವಾದರೆ ದಿನಕ್ಕೆ ಒಂದೂವರೆ ಎರಡು ಲೀಟರ್ ಕುಡಿಯಲಿ. ಬಾರ್ಲಿ ನೀರೇ ಆಗಬೇಕೆಂದಿಲ್ಲ, ನೀರುಮಜ್ಜಿಗೆಯೂ ಆಗುತ್ತದೆ. ಪಕ್ಕದಲ್ಲಿ ಒಸರಿದರೆ ಟ್ಯೂಬ್ ಮಡಚಿಕೊಂಡಿದೆಯೇ ನೋಡಿ. ಆಮೇಲೆ ಎರಡು ದಿನದಿಂದ ಹೊಟ್ಟೆ ಕಟ್ಟಿದೆಯೇ ಕೇಳಿ. ಮಲಬದ್ಧತೆ ಟ್ಯೂಬನ್ನು ಒತ್ತುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಎರಡೂ ಅಲ್ಲದೆ ಒಸರುವುದು ಮುಂದುವರಿದರೆ ನಾಳೆಯೇ ಡಾಕ್ಟರಿಗೆ ತೋರಿಸಿ.

ಆದರೆ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ರಕ್ತ, ಇದ್ದಕ್ಕಿದ್ದಂತೆ ಮಂಕಾಗಿ ಅಸಂಬದ್ಧ ಮಾತು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಶುಗರ್ ಇರುವವರಲ್ಲಿ ಸೋಂಕು ಬೇಗ ಏರುತ್ತದೆ. ಮೂರ್ನಾಲ್ಕು ಗಂಟೆ ಬ್ಯಾಗಿಗೆ ಹನಿಯೂ ಬೀಳದೆ ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದರೂ ಅಷ್ಟೇ, ಟ್ಯೂಬ್ ಕಟ್ಟಿದೆ ಎಂದರ್ಥ. ಬೇಗ ಹೊರಡಲಾಗದಿದ್ದರೆ 108ಕ್ಕೆ ಫೋನ್ ಮಾಡಿ. ಮುಂದಿನ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯ ಖರ್ಚು ಭಾರವೆನಿಸಿದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ರಾಜ್ಯ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ನಿಮ್ಮಲ್ಲಿಂದ ಮಾರ್ಕೆಟ್ ಬಸ್ ಹಿಡಿದರೆ ದೂರವೇನಲ್ಲ.

ಇಷ್ಟೆಲ್ಲ ಕೇಳಿದ ನೀವು, ಈ ಟ್ಯೂಬ್ ಯಾವತ್ತು ತೆಗೆಯುತ್ತಾರೆ ಎಂದು ಮಾತ್ರ ಕೇಳಿಲ್ಲ. ಲೇಟೆಕ್ಸ್ ಟ್ಯೂಬಾದರೆ ಕೆಲವೇ ವಾರದಲ್ಲಿ ಬದಲಿಸಬೇಕು, ಪೂರ್ತಿ ಸಿಲಿಕಾನ್‌ನದಾದರೆ ಹೆಚ್ಚೆಂದರೆ ಮೂರು ತಿಂಗಳು. ಪ್ರಾಸ್ಟೇಟ್ ದೊಡ್ಡದಾದವರಿಗೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಕೆಲವು ದಿನ ಕೊಟ್ಟು, ಟ್ಯೂಬ್ ತೆಗೆದು, ತಾನಾಗಿ ಮೂತ್ರ ಹೋಗುತ್ತದೆಯೇ ಎಂದು ಪರೀಕ್ಷಿಸುವುದು ವಾಡಿಕೆ. ಹೋಗದಿದ್ದರೆ ಆಪರೇಷನ್ ಮಾತು. ಸೋಂಕು ತಪ್ಪಿಸಲು ಟ್ಯೂಬನ್ನು ಬೇಗ ತೆಗೆಯುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಇನ್ನೊಮ್ಮೆ ಓಪಿಡಿಗೆ ಹೋದಾಗ ಬದಲಿಸುವ ತಾರೀಖು, ತೆಗೆದು ನೋಡುವ ತಾರೀಖು ಎರಡನ್ನೂ ಚೀಟಿಯ ಮೇಲೆ ಬರೆಸಿಕೊಳ್ಳದೆ ಎದ್ದು ಬರಬೇಡಿ.