ಹಸುವಿನ ಸ್ಕ್ಯಾನಿಂಗ್: ಪರದೆಯ ಕಪ್ಪು ಬಿಳುಪು ಏನು ಹೇಳುತ್ತದೆ?



ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದಿರಿ. 21 ದಿನ ಕಳೆಯಿತು, ಮತ್ತೆ ಬೆದೆ ಕಾಣಲಿಲ್ಲ. ಗಬ್ಬ ನಿಂತಿದೆ ಎಂದು ಸಮಾಧಾನಪಟ್ಟಿರಿ. ಮೂರು ತಿಂಗಳಾದ ಮೇಲೆ ಡಾಕ್ಟರು ಕೈ ಹಾಕಿ ನೋಡಿ ‘ಖಾಲಿ ಇದೆಯಮ್ಮ’ ಎಂದರೆ? ಹಸು ಬೆದೆಗೆ ಬಂದಿರುತ್ತದೆ. ಆದರೆ ಕೂಗಿರುವುದಿಲ್ಲ, ಇಲ್ಲವೇ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ಬೆದೆ ಕೈತಪ್ಪಿ, ಮುಂದಿನ ಕರುವೂ ಮುಂದಿನ ಹಾಲೂ ಅಷ್ಟು ದಿನ ಹಿಂದೆ ಬೀಳುತ್ತವೆ. ಹಿಂಡಿ, ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ.

ಅನುಭವವುಳ್ಳ ಪಶುವೈದ್ಯರು ಸ್ಕ್ಯಾನಿಂಗ್ ಮಾಡಿದರೆ ಇದೇ ಮಾತು ಸುಮಾರು 30ನೇ ದಿನಕ್ಕೇ ಗೊತ್ತಾಗುತ್ತದೆ. ಆ ಯಂತ್ರ ಹೇಗೆ ನೋಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ, ಡಾಕ್ಟರು ಪರದೆ ತೋರಿಸಿದಾಗ ನೀವೂ ಎರಡು ಪ್ರಶ್ನೆ ಕೇಳಬಹುದು.

ಮೊದಲಿಗೆ, ಇದು ಎಕ್ಸ್‌ರೇ ಅಲ್ಲ. ಇಲ್ಲಿ ಯಾವ ಕಿರಣವೂ ಇಲ್ಲ, ಇರುವುದು ಶಬ್ದ ಮಾತ್ರ. ಬಾವಿಯೊಳಗೆ ಬಗ್ಗಿ ಕೂಗಿದರೆ ಕೂಗು ತಿರುಗಿ ಬರುತ್ತದಲ್ಲ, ಅದೇ ಲೆಕ್ಕ. ಆಳವಾದ ಬಾವಿಯಾದರೆ ತಡವಾಗಿ ಬರುತ್ತದೆ, ಆಳ ಕಡಿಮೆ ಇದ್ದರೆ ಬೇಗ ಬರುತ್ತದೆ. ಸ್ಕ್ಯಾನಿಂಗ್ ಯಂತ್ರವೂ ಒಳಗೆ ಶಬ್ದ ಕಳಿಸಿ, ಅದು ತಿರುಗಿ ಬರಲು ಹಿಡಿದ ಹೊತ್ತನ್ನು ಅಳೆದು, ಎಷ್ಟು ಆಳದಲ್ಲಿ ಏನೋ ಇದೆ ಎಂದು ಪರದೆಯ ಮೇಲೆ ಒಂದು ಚುಕ್ಕಿ ಇಡುತ್ತದೆ. ಇಂಥ ಸಾವಿರಾರು ಚುಕ್ಕಿ ಸೇರಿ ಚಿತ್ರವಾಗುತ್ತದೆ.

ಮಾಂಸ, ರಕ್ತದಂಥ ಮೆದು ಭಾಗಗಳಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಗಾಳಿಯಲ್ಲಿ ಓಡುವುದು ಸುಮಾರು 340 ಮೀಟರ್ ಮಾತ್ರ. ಗರ್ಭಕೋಶ 5 ಸೆಂಟಿಮೀಟರ್ ಆಳದಲ್ಲಿದ್ದರೆ, ಒಂದು ಸೆಕೆಂಡನ್ನು 10 ಲಕ್ಷ ಪಾಲು ಮಾಡಿ ಅದರಲ್ಲಿ 65 ಪಾಲು ಕಳೆಯುವಷ್ಟರಲ್ಲಿ ಶಬ್ದ ಹೋಗಿ ಬಂದಾಯಿತು. ಹಸು ಬಾಲ ಆಡಿಸುವಷ್ಟರಲ್ಲಿ ಯಂತ್ರ ಸಾವಿರಾರು ಸಲ ಕೂಗಿ ಕೇಳಿರುತ್ತದೆ.

ಆ ಕೂಗು ನಮಗೇಕೆ ಕೇಳುವುದಿಲ್ಲ? ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನದವರೆಗೆ. ಹಸುವಿನ ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಸಾಮಾನ್ಯವಾಗಿ 50 ಲಕ್ಷದಿಂದ 75 ಲಕ್ಷ ಕಂಪನ. ಕಂಪನ ಹೆಚ್ಚಿದಷ್ಟೂ ಸಣ್ಣ ವಸ್ತು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಶಬ್ದ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. 30 ದಿನದ ಪಿಂಡ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಅದನ್ನು ಹುಡುಕಲು ಹತ್ತಿರದಿಂದಲೇ, ಹೆಚ್ಚು ಕಂಪನದಲ್ಲೇ ನೋಡಬೇಕು.

ಶಬ್ದ ಹುಟ್ಟಿಸುವುದು ಯಂತ್ರದ ಹಿಡಿಯಲ್ಲಿರುವ ವಿಶೇಷ ಹರಳುಗಳು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ನೆನಪಿಸಿಕೊಳ್ಳಿ. ‘ಟಕ್’ ಎಂದು ಒತ್ತಿದಾಗ ಒಳಗಿನ ಹರಳಿಗೆ ಪೆಟ್ಟು ಬಿದ್ದು ಕಿಡಿ ಹಾರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿದರು. ಅದನ್ನೇ ತಿರುವಿ, ಹರಳಿಗೆ ವಿದ್ಯುತ್ ಕೊಟ್ಟರೆ ಅದು ನಡುಗಿ ಶಬ್ದ ಹೊರಡಿಸುತ್ತದೆ. ತಿರುಗಿ ಬಂದ ಶಬ್ದ ಬಡಿದಾಗ ಅದೇ ಹರಳು ಮತ್ತೆ ವಿದ್ಯುತ್ ಕೊಡುತ್ತದೆ. ಬಾಯಿಯೂ ಅದೇ, ಕಿವಿಯೂ ಅದೇ.

ಈ ಕೆಲಸಕ್ಕೆ ದೊಡ್ಡ ಅಡ್ಡಿ ಗಾಳಿ. ಮೈಯೊಳಗೆ ಹೋಗುವ ಶಬ್ದಕ್ಕೆ ತೆಳ್ಳಗಿನ ಗಾಳಿಯ ಪದರ ಎದುರಾದರೂ ಸಾಕು, ನೂರಕ್ಕೆ 99 ಪಾಲಿಗೂ ಹೆಚ್ಚು ಅಲ್ಲಿಂದಲೇ ವಾಪಸ್. ನೀವು ಬಸುರಿಯಾಗಿದ್ದಾಗ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದ್ದು ಇದಕ್ಕೇ, ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಉಳಿಯಬಾರದೆಂದು. ಹಾಗಾದರೆ ಹಸುವಿಗೂ ಹೊಟ್ಟೆಯ ಮೇಲಿಂದಲೇ ನೋಡಬಾರದೇ? ಆರಂಭದ ಗಬ್ಬದಲ್ಲಿ ಆಗುವುದಿಲ್ಲ. ಹೊಟ್ಟೆ ತುಂಬ ಮೇವು, ಗ್ಯಾಸು, ಮೇಲೆ ಕೂದಲು, ಗರ್ಭಕೋಶ ಇರುವುದು ಬಲು ದೂರ. ಮಲದ್ವಾರದಿಂದ ಒಳಗೆ ಹೋದರೆ ಅದು ಕೆಳಗೇ ಸಿಗುತ್ತದೆ. ಅದಕ್ಕೇ ಡಾಕ್ಟರು ಮೊದಲು ಸಗಣಿಯನ್ನೆಲ್ಲ ತೆಗೆಯುತ್ತಾರೆ. ಹಸುವಿಗೆ ಹಿಂಸೆ ಎಂದು ಅವಸರ ಮಾಡಬೇಡಿ. ಸಗಣಿ, ಗಾಳಿ ಉಳಿದರೆ ಚಿತ್ರವೇ ಬರುವುದಿಲ್ಲ. (ಆಡು, ಕುರಿಗಳಿಗಾದರೆ ಕೆಚ್ಚಲ ಪಕ್ಕದ ಕೂದಲಿಲ್ಲದ ಚರ್ಮದ ಮೇಲಿಂದಲೇ ನೋಡಬಹುದು.)

ಗಾಳಿಯ ಈ ಕಾಟ ನಿಮಗೆ ಡೇರಿಯಲ್ಲೂ ಎದುರಾಗುತ್ತದೆ. ಫ್ಯಾಟ್, ಎಸ್‌ಎನ್‌ಎಫ್ ತೋರಿಸುವ ಯಂತ್ರಗಳಲ್ಲಿ ಅನೇಕವು ಹಾಲಿನೊಳಗೆ ಇಂಥದೇ ಶಬ್ದ ಹಾಯಿಸಿ ಅಳೆಯುತ್ತವೆ. ಹಾಲಿನಲ್ಲಿ ನೊರೆ, ಗುಳ್ಳೆ ಇದ್ದರೆ ಲೆಕ್ಕ ಏರುಪೇರಾಗುತ್ತದೆ. ನೊರೆ ಇಳಿಯಲಿ ಎಂದು ಕಾರ್ಯದರ್ಶಿ ಕಾದರೆ ಅದು ನಿಮ್ಮ ಒಳ್ಳೆಯದಕ್ಕೇ.

ಈಗ ಪರದೆಗೆ ಬರೋಣ. ನೀರಿನಂಥ ದ್ರವದಲ್ಲಿ ಶಬ್ದ ಯಾವುದಕ್ಕೂ ಬಡಿಯದೆ ಹಾದುಹೋಗುತ್ತದೆ, ಏನೂ ತಿರುಗಿ ಬರುವುದಿಲ್ಲ. ಹಾಗಾಗಿ ದ್ರವ ಕಪ್ಪು. ಮಾಂಸ ಬೂದು. ಮೂಳೆ ಬೆಳ್ಳಗೆ, ಅದರ ಹಿಂದೆ ನೆರಳು. ಗಬ್ಬದ ಹಸುವಿನಲ್ಲಿ ಕರುವಿನ ಸುತ್ತಲಿನ ನೀರು ಕಪ್ಪಾಗಿ, ನಡುವೆ ಪಿಂಡ ಬೂದಾಗಿ ಕಾಣುತ್ತದೆ.

ಆದರೆ ಕಪ್ಪು ಕಂಡಿದ್ದೆಲ್ಲ ಗಬ್ಬವಲ್ಲ. ಮೂತ್ರಕೋಶವೂ ಕಪ್ಪು, ಅಂಡಾಶಯದ ನೀರುಗುಳ್ಳೆಯೂ ಕಪ್ಪು. ಗರ್ಭಕೋಶದಲ್ಲಿ ಕೀವು ತುಂಬಿದ ಹಸುವಂತೂ ಮನೆಯವರನ್ನು ಪೂರಾ ಯಾಮಾರಿಸುತ್ತದೆ. ಅದು ಬೆದೆಗೆ ಬರುವುದಿಲ್ಲ, ಗರ್ಭಕೋಶವೂ ದಪ್ಪವಾಗಿರುತ್ತದೆ. ಪರದೆಯಲ್ಲಿ ಮಾತ್ರ ಆ ದ್ರವ ಅಚ್ಚ ಕಪ್ಪಾಗಿರದೆ, ಬಿಳಿ ಚುಕ್ಕಿಗಳು ತೇಲಿದಂತೆ ಇರುತ್ತದೆ, ಪಿಂಡ ಇರುವುದಿಲ್ಲ. ಇಂಥ ಹಸುವನ್ನು ಗಬ್ಬವೆಂದು ತಿಂಗಳುಗಟ್ಟಲೆ ಸಾಕುವುದಕ್ಕಿಂತ ಆಗಲೇ ಚಿಕಿತ್ಸೆ ಕೊಡಿಸಬಹುದು.

ಆದ್ದರಿಂದ ಡಾಕ್ಟರನ್ನು ಕೇಳಬೇಕಾದ್ದು ‘ಕಪ್ಪು ಕಾಣುತ್ತಾ ಸಾರ್’ ಎಂದಲ್ಲ, ‘ಹೃದಯ ಬಡಿತ ಕಾಣುತ್ತಾ’ ಎಂದು. ಪಿಂಡದ ನಡುವೆ ಮಿಣುಕು ಮಿಣುಕಾಗಿ ಬಡಿಯುವ ಆ ಚುಕ್ಕಿ ಕಂಡರೆ ಕರು ಜೀವಂತವಾಗಿದೆ ಎಂದರ್ಥ. ಬೆದೆ ಬರಿಸುವ ಇಂಜೆಕ್ಷನ್ ಕೊಡಿಸುವ ಮುನ್ನವಂತೂ ಈ ಪರೀಕ್ಷೆ ಆಗಲೇಬೇಕು. ಆ ಇಂಜೆಕ್ಷನ್‌ಗಳಲ್ಲಿ ಕೆಲವನ್ನು ಗಬ್ಬದ ಹಸುವಿಗೆ ಕೊಟ್ಟರೆ ಗಬ್ಬ ಹೋಗುತ್ತದೆ.

ಹೆಣ್ಣುಗರುವೋ ಗಂಡೋ ಎಂದು ಬಹಳ ಮಂದಿ ಕೇಳುತ್ತಾರೆ. ಹಸುವಿನಲ್ಲಿ ಸುಮಾರು 55ರಿಂದ 70ನೇ ದಿನದೊಳಗೆ ನುರಿತವರು ಗುರುತಿಸಬಲ್ಲರು. ಮನುಷ್ಯರಲ್ಲಿ ಹಾಗೆ ನೋಡಿ ಹೇಳುವುದು, ಕೇಳುವುದು ಎರಡೂ 1994ರ ಕಾಯ್ದೆಯಂತೆ ಅಪರಾಧ. ಅದು ಬೇರೆ ಮಾತು.

30ನೇ ದಿನ ಗಬ್ಬ ಎಂದು ಹೇಳಿದರೂ 60ನೇ ದಿನದ ಸುಮಾರಿಗೆ ಇನ್ನೊಮ್ಮೆ ನೋಡಿಸಿ. ಎಳೆಯ ಪಿಂಡ ಹೊರಗೆ ಏನೂ ಕಾಣಿಸದೆ ಒಳಗೇ ಕರಗಿಹೋಗುವುದುಂಟು. ಡಾಕ್ಟರು ಬಂದಾಗ ಗರ್ಭಧಾರಣೆ ಮಾಡಿಸಿದ ತಾರೀಖು ಬರೆದ ಚೀಟಿ ಕೈಯಲ್ಲಿರಲಿ. ಪರದೆಯ ಮೇಲಿನ ಪಿಂಡದ ಅಳತೆಗೂ ನಿಮ್ಮ ತಾರೀಖಿಗೂ ತಾಳೆಯಾಗುತ್ತದೋ ಇಲ್ಲವೋ ಎಂದು ಅವರು ಅಲ್ಲೇ ನೋಡಿ ಹೇಳುತ್ತಾರೆ.