ಕರ್ನಲ್ ವೇಗವಾಯಿತೇ? ಅಳೆಯುವುದು ಹೇಗೆ?

ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎಂದು ಹೆಸರು. ಪ್ರೊಸೆಸರ್‌ನ ಸಮಯ, ಮೆಮೊರಿ, ಡಿಸ್ಕ್ ಇವನ್ನು ಎಲ್ಲ ಪ್ರೋಗ್ರಾಂಗಳಿಗೂ ಹಂಚುವುದು ಅದರ ಕೆಲಸ. ನಮ್ಮ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಇರುವುದು ಲಿನಕ್ಸ್ ಕರ್ನಲ್. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಇದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ತಿದ್ದಿದ ಮೇಲೆ ಕರ್ನಲ್ ಚುರುಕಾಯಿತೋ ನಿಧಾನವಾಯಿತೋ ಎಂದು ತಿಳಿಯುವುದು ಹೇಗೆ? ಉತ್ತರ ಹುಡುಕಿದಾಗ, ಅದರ ಬಹುಪಾಲು ನಮ್ಮ ವಾಣಿಜ್ಯ ವಿಭಾಗದ ಪುಸ್ತಕಗಳಲ್ಲೇ ಇದೆ ಎಂದು ನನಗೆ ಗೊತ್ತಾಯಿತು.

1. ಆಧಾರ ಬೇಕು
ಸೂಚ್ಯಂಕಕ್ಕೆ ಆಧಾರ ವರ್ಷ ಇದ್ದಂತೆ ಇಲ್ಲಿ ತಿದ್ದುವ ಮೊದಲಿನ ಕರ್ನಲ್ಲೇ ಆಧಾರ. ಮೊದಲು ಅದನ್ನು ಅಳೆದು ಬರೆದಿಡಬೇಕು. ಅಳೆಯಲು ಒಂದು ನಿಗದಿತ ಕೆಲಸ ಕೊಡುತ್ತಾರೆ. ಕರ್ನಲ್‌ನ ಕೋಡನ್ನೇ ಕಂಪೈಲ್ ಮಾಡಿಸಿ, ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡುವುದು ಹಳೆಯ ರೂಢಿ.

2. ಇತರ ಅಂಶಗಳು ಸ್ಥಿರವಾಗಿರಬೇಕು
ಬೇಡಿಕೆಯ ನಿಯಮದಲ್ಲಿ ಓದುವ ಮಾತೇ ಇದು. ಅದೇ ಯಂತ್ರ, ಅದೇ ಕೆಲಸ, ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರೊಸೆಸರ್ ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲ ಸಲ ಡಿಸ್ಕ್‌ನಿಂದ ಓದಿದ ಫೈಲ್ ಎರಡನೆಯ ಸಲ ಮೆಮೊರಿಯಲ್ಲೇ ಸಿಗುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಇವನ್ನು ಗಮನಿಸದಿದ್ದರೆ, ಕೊಳ್ಳಲು ಒಂದು ತಕ್ಕಡಿ, ಮಾರಲು ಇನ್ನೊಂದು ತಕ್ಕಡಿ ಇಟ್ಟ ವ್ಯಾಪಾರಿಯಂತೆ ಆಗುತ್ತದೆ.

3. ಒಂದು ಸಲ ಅಳೆದರೆ ಸಾಲದು
ಒಂದು ಉದಾಹರಣೆ ನೋಡೋಣ. ಸಮಯ ಸೆಕೆಂಡುಗಳಲ್ಲಿ.
ಹಳೆಯ ಕರ್ನಲ್: 96, 104, 100, 103, 97. ಸರಾಸರಿ 100.
ತಿದ್ದಿದ ಕರ್ನಲ್: 98, 101, 95, 99, 97. ಸರಾಸರಿ 98.
ಎರಡು ಸೆಕೆಂಡ್ ಉಳಿಯಿತು ಎಂದು ಸಂತೋಷಪಡಬಹುದೇ? ಹಳೆಯ ಕರ್ನಲ್‌ನ ಮಾನಕ ವಿಚಲನೆಯೇ ಸುಮಾರು 3.2. ಏನೂ ತಿದ್ದದೆ ಇದ್ದಾಗಲೂ ಅಷ್ಟು ಏರಿಳಿತ ಇದೆ ಎಂದಾಯಿತು. ಹಾಗಾಗಿ ಈ ಐದು ಅಳತೆಗಳಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಇನ್ನೂ ಹೆಚ್ಚು ಸಲ ಅಳೆಯಬೇಕು.

4. ಯಾವುದನ್ನು ಅಳೆಯುತ್ತೇವೆ?
ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಒಟ್ಟು ಕೆಲಸ ಬೇಗ ಮುಗಿದರೂ ಮೌಸ್ ತಡವರಿಸಬಹುದು, ಹಾಡು ನಡುವೆ ನಿಲ್ಲಬಹುದು. ದೊಡ್ಡ ಸರ್ವರ್‌ಗೆ ಒಟ್ಟು ಕೆಲಸ ಮುಖ್ಯ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಬಳಸುವವರಿಗೆ ಕಾಯುವ ಸಮಯ ಮುಖ್ಯ. ಆಸ್ಟ್ರೇಲಿಯಾದ ಕಾನ್ ಕೋಲಿವಾಸ್ ಈ ಎರಡನೆಯ ಗುಂಪಿನ ಪರವಾಗಿ ಕೆಲಸ ಮಾಡಿದರು. ಅವರು ವೃತ್ತಿಯಲ್ಲಿ ಅರಿವಳಿಕೆ ವೈದ್ಯರು, ಪ್ರೋಗ್ರಾಮರ್ ಅಲ್ಲ. ಕಂಪ್ಯೂಟರ್ ಮೇಲೆ ಭಾರ ಹೇರಿ, ಆಗ ಹಾಡು, ವಿಡಿಯೊಗಳು ಎಷ್ಟು ಕಾಯಬೇಕಾಗುತ್ತದೆ ಎಂದು ಅಳೆಯುವ ಇಂಟರ್‌ಬೆಂಚ್ ಎಂಬ ಪರೀಕ್ಷೆಯನ್ನು ಅವರು ಬರೆದರು. ಪ್ರೊಸೆಸರ್‌ನ ಸಮಯವನ್ನು ಹಂಚುವ ಭಾಗಕ್ಕೆ ಶೆಡ್ಯೂಲರ್ ಎನ್ನುತ್ತಾರೆ. ಅವರು ಬರೆದ ಶೆಡ್ಯೂಲರ್ ಅನ್ನು ಲಿನಕ್ಸ್ ಸೇರಿಸಿಕೊಳ್ಳಲಿಲ್ಲ. 2007ರಲ್ಲಿ ಸೇರಿದ್ದು ಇಂಗೋ ಮೋಲ್ನಾರ್ ಬರೆದದ್ದು. ಆದರೆ ಎಲ್ಲರಿಗೂ ಸಮನಾಗಿ ಹಂಚುವುದು ಸಾಧ್ಯ ಎಂದು ತೋರಿಸಿದ ಶ್ರೇಯವನ್ನು ಮೋಲ್ನಾರ್ ಅವರು ಕೋಲಿವಾಸ್ ಅವರಿಗೇ ಕೊಟ್ಟರು.

ಅಳೆಯದೆ ಬಿಟ್ಟ ತೊಂದರೆ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದನ್ನು ಯಾರೂ ಸರಿಪಡಿಸುವುದೂ ಇಲ್ಲ. ಆದ್ದರಿಂದ "ಶೇಕಡಾ ಇಷ್ಟು ವೇಗ" ಎಂಬ ಜಾಹೀರಾತು ಕಂಡಾಗ ಮೂರು ಪ್ರಶ್ನೆ ಕೇಳೋಣ: ಯಾವುದಕ್ಕೆ ಹೋಲಿಸಿ? ಎಷ್ಟು ಸಲ ಅಳೆದು? ಯಾರ ಕೆಲಸಕ್ಕೆ?