ಇಷ್ಟ ಬೇರೆ, ಸರಿ-ತಪ್ಪು ಬೇರೆ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು)



ನೆಲ್ಯಹುದಿಕೇರಿ ಕಡೆಯ ಒಂದು ಸಂಘ. ಹದಿನಾಲ್ಕು ಜನ ಸದಸ್ಯರು. ಕೆಲವರ ಮನೆಮಾತು ಮಲಯಾಳ, ಕೆಲವರದ್ದು ತಮಿಳು, ಕೆಲವರದ್ದು ತುಳು, ಉಳಿದವರದ್ದು ಕನ್ನಡ. ಹೆಚ್ಚಿನವರು ಕಾಫಿ ತೋಟದ ಕೆಲಸಕ್ಕೆ ಹೋಗುವವರು. ವಾರ್ಷಿಕೋತ್ಸವದ ದಿನ ಎಲ್ಲರೂ ಸೇರಿ ಊಟ ಮಾಡೋಣ ಅಂತ ತೀರ್ಮಾನ ಆಯ್ತು. ಯಾವ ಅಕ್ಕಿ ತರೋದು ಅನ್ನುವಲ್ಲಿ ಮಾತು ಶುರುವಾಯ್ತು.

“ಕುಚ್ಚಲಕ್ಕಿ ತರುವ” ಅಂದ್ರು ಒಬ್ಬರು ಚೇಚಿ.

“ಅಯ್ಯೋ ಚೇಚಿ, ಆ ದಪ್ಪ ಅನ್ನ ಮನುಷ್ಯರು ತಿಂತಾರಾ?” ಅಂತ ಪಕ್ಕದಲ್ಲಿದ್ದ ಅಕ್ಕ ನಗುತ್ತಾ ಕೇಳಿದ್ರು.

“ನಿಮ್ಮ ಬಿಳಿ ಅನ್ನದಲ್ಲಿ ಏನಿದೆ ಅಕ್ಕಾ? ತಿಂದು ಕೈ ತೊಳೆಯೋದ್ರೊಳಗೆ ಹಸಿವು!”

ನಗುವಿನಲ್ಲಿ ಶುರುವಾದದ್ದು ಹತ್ತು ನಿಮಿಷದಲ್ಲಿ “ನಿಮ್ಮ ಕಡೆಯವರೇ ಹೀಗೆ”, “ನಿಮ್ಮವರು ಮಾತ್ರ ದೊಡ್ಡವರಾ?” ಅನ್ನುವಲ್ಲಿಗೆ ಬಂತು. ಅಕ್ಕಿಯ ಮಾತು ಮರೆತೇ ಹೋಯ್ತು. ಮುಂದಿನ ಮೂರು ಸಭೆಗೆ ಚೇಚಿ ಬರಲಿಲ್ಲ. ಅವರ ಉಳಿತಾಯ ನಿಂತಿತು, ಸಾಲದ ಕಂತು ಬಾಕಿ ಆಯ್ತು. ಚೇಚಿಯ ಜೊತೆ ಇನ್ನಿಬ್ಬರು ಸಂಘ ಬಿಡುವ ಯೋಚನೆ ಮಾಡಿದರು.

ಇದೇನು ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ನಮ್ಮ ಸಂಘಗಳು ನಿಂತಿರುವುದು ಪಂಚಸೂತ್ರದ ಮೇಲೆ: ಕ್ರಮವಾದ ಸಭೆ, ಕ್ರಮವಾದ ಉಳಿತಾಯ, ಒಳಗಿನ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ಬ್ಯಾಂಕಿನವರು ಸಾಲ ಕೊಡುವ ಮೊದಲು ನೋಡುವುದೂ ಇದನ್ನೇ. ಒಂದು ಸೇರು ಅಕ್ಕಿಯ ಮಾತಿನಿಂದ ಆ ಸಂಘದ ಮೂರು ಸೂತ್ರ ಸಡಿಲವಾದವು. ಆದ್ದರಿಂದ ಈ ತಿಂಗಳು ಇದರ ಬಗ್ಗೆ ಸ್ವಲ್ಪ ಕಲಿಯೋಣ.

1. ತಪ್ಪಿದ್ದು ಎಲ್ಲಿ?

“ನನಗೆ ಕುಚ್ಚಲಕ್ಕಿ ಸೇರೋದಿಲ್ಲ” ಅಂದರೆ ಅದು ನಮ್ಮ ಬಗ್ಗೆ ನಾವು ಹೇಳಿದ ಮಾತು. “ಅದನ್ನು ಮನುಷ್ಯರು ತಿಂತಾರಾ?” ಅಂದರೆ ಅದು ತಿನ್ನುವವರ ಬಗ್ಗೆ ಕೊಟ್ಟ ತೀರ್ಪು. ನಾಲಿಗೆಯ ರುಚಿಯನ್ನು ನಾವು ನ್ಯಾಯಾಲಯ ಮಾಡಿಬಿಡುತ್ತೇವೆ. ನನಗೆ ಇಷ್ಟವಾದದ್ದು ಒಳ್ಳೆಯದು, ಇಷ್ಟವಿಲ್ಲದ್ದು ಕೆಟ್ಟದ್ದು. ಅದನ್ನು ಇಷ್ಟಪಡುವವರೂ ಒಂದು ತೂಕ ಕಡಿಮೆ. ನಡುವೆ ಏನೂ ಇಲ್ಲ, ಒಂದೋ ಕಪ್ಪು, ಇಲ್ಲಾ ಬಿಳುಪು.

ನಿಜ ನೋಡಿದರೆ ಎರಡು ಅಕ್ಕಿಗೂ ಅದರದ್ದೇ ಕೆಲಸ ಇದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಮಿಲ್ಲಿಗೆ ಹಾಕಿದರೆ ಕುಚ್ಚಲಕ್ಕಿ. ಹಾಗೆ ಬೇಯಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಬೇಯಿಸದೆ ಮಿಲ್ಲು ಮಾಡಿದ್ದು ಬೆಳ್ತಿಗೆ. ಗಂಜಿಗೆ ಕುಚ್ಚಲಕ್ಕಿ ಬೇಕು ಅನ್ನುವ ಮನೆಯಲ್ಲೇ ಅಕ್ಕಿರೊಟ್ಟಿಗೂ ಕಡಂಬುಟ್ಟಿಗೂ ಬೆಳ್ತಿಗೆ ಹುಡುಕುತ್ತಾರೆ. ಹೀಗಿರುವಾಗ ಯಾವುದು ಮೇಲು, ಯಾವುದು ಕೀಳು?

2. ಮೂರು ಬುಟ್ಟಿ

ನಾವು ಆಡುವ ಮಾತನ್ನು ಮೂರು ಬುಟ್ಟಿಗೆ ವಿಂಗಡಿಸಿ ನೋಡೋಣ. ನಮಗೆಲ್ಲ ಗೊತ್ತಿರುವ ಕಾಫಿಯನ್ನೇ ತೆಗೆದುಕೊಳ್ಳೋಣ.

ಮೊದಲನೇ ಬುಟ್ಟಿ ಇಷ್ಟದ್ದು. “ನನಗೆ ಅರೇಬಿಕಾದ ಪರಿಮಳ ಇಷ್ಟ”, “ನನಗೆ ರೋಬಸ್ಟಾದ ಗಟ್ಟಿ ಕಾಫಿಯೇ ಬೇಕು”, “ಚಿಕೋರಿ ಸೇರಿಸದಿದ್ದರೆ ಕಾಫಿ ಕುಡಿದಂಗೇ ಆಗಲ್ಲ”. ಇವೆಲ್ಲ ಇಷ್ಟಗಳು. ಇಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ.

ಎರಡನೇ ಬುಟ್ಟಿ ಸಂಗತಿಯದ್ದು. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಇದೆ. ಎಲೆ ತುಕ್ಕು ರೋಗವನ್ನು ರೋಬಸ್ಟಾ ಹೆಚ್ಚು ತಡೆದುಕೊಳ್ಳುತ್ತದೆ. ಇದು ನಮಗೆ ಇಷ್ಟವಾದರೂ ಆಗದಿದ್ದರೂ ಬದಲಾಗುವುದಿಲ್ಲ. ಇಲ್ಲಿ ಜಗಳ ಬೇಡ, ತಿಳಿದವರನ್ನು ಕೇಳಿದರೆ ಮುಗಿಯಿತು.

ಮೂರನೇ ಬುಟ್ಟಿ ಸರಿ-ತಪ್ಪಿನದ್ದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಕಾಫಿ ಇರಬೇಕು, ಯಾವುದು ಎಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಬೇಕು ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಚಿಕೋರಿ ಇಷ್ಟಪಡುವುದು ತಪ್ಪಲ್ಲ. ಚಿಕೋರಿ ಬೆರೆಸಿ “ಶುದ್ಧ ಕಾಫಿ” ಅಂತ ಮಾರುವುದು ತಪ್ಪು. ಅದು ಮೋಸ.

ಒಂದೇ ಲೋಟ ಕಾಫಿಯಲ್ಲಿ ಮೂರು ಬುಟ್ಟಿ! ಜಗಳ ಬರುವುದು ಮೊದಲನೇ ಬುಟ್ಟಿಯದ್ದನ್ನು ತೆಗೆದು ಮೂರನೆಯದರಲ್ಲಿ ಹಾಕಿದಾಗ.

3. ತಿರುಗಿಸಿ ಹಾಕಿದರೂ ತಪ್ಪೇ

ಹಾಗಾದರೆ “ಎಲ್ಲಾ ಅವರವರ ಇಷ್ಟ, ನಮಗ್ಯಾಕೆ?” ಅಂತ ಸುಮ್ಮನಿರೋದಾ? ಅಲ್ಲ. ಮೂರನೇ ಬುಟ್ಟಿಯದ್ದನ್ನು ತೆಗೆದು ಮೊದಲನೆಯದಕ್ಕೆ ಹಾಕುವುದೂ ಅಷ್ಟೇ ದೊಡ್ಡ ತಪ್ಪು.

ಸಂಬಳದ ದಿನ ಗಂಡ ಕುಡಿದು ಬಂದು ಹೆಂಡತಿಗೆ ಹೊಡೆದರೆ “ಅದು ಅವರ ಮನೆ ವಿಷಯ” ಅನ್ನುತ್ತೇವೆ. ಮದುವೆಯಲ್ಲಿ ವರದಕ್ಷಿಣೆ ಕೇಳಿದರೆ “ಹುಡುಗನ ಕಡೆಯವರ ಇಷ್ಟ” ಅನ್ನುತ್ತೇವೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕುಚ್ಚಲಕ್ಕಿಗೆ ದನಿ ಏರಿಸುವ ನಾವು ಇಂಥ ಕಡೆ ತಲೆ ತಗ್ಗಿಸಿ ಕೂರುತ್ತೇವೆ. ಸಣ್ಣದಕ್ಕೆ ತೀರ್ಪು, ದೊಡ್ಡದಕ್ಕೆ ಮೌನ! ಇದನ್ನು ನಾವು ನಾವೇ ಕೇಳಿಕೊಳ್ಳಬೇಕು.

ಇನ್ನೊಂದು ಇದೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಬಂದಾಗ ನೆಲ್ಯಹುದಿಕೇರಿಯಲ್ಲಿ ಹೊಳೆ ಬದಿಯ ಮನೆಗಳು ಕುಸಿದವು, ಕುಟುಂಬಗಳು ಪರಿಹಾರ ಶಿಬಿರ ಸೇರಬೇಕಾಯ್ತು. “ಹೊಳೆ ಬದಿಯಲ್ಲೇ ಇರಬೇಕು ಅಂತ ಅವರಿಗೆ ಇಷ್ಟ, ಯಾರು ಏನು ಮಾಡೋದು?” ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಹೊಳೆ ಬದಿ ಅಪಾಯ ಅನ್ನುವುದು ಸಂಗತಿ, ಅದನ್ನು ಮುಚ್ಚಿಡಬಾರದು. ಆದರೆ ಬೇರೆ ಕಡೆ ಮೂರು ಸೆಂಟು ಜಾಗ ಇಲ್ಲದವರು ಹೊಳೆ ಬದಿಯಲ್ಲಿ ಮನೆ ಕಟ್ಟಿದರೆ ಅದು ಇಷ್ಟ ಹೇಗಾಗುತ್ತದೆ? ಬೇರೆ ದಾರಿ ಇರುವವರಿಗೆ ಮಾತ್ರ ಇಷ್ಟ ಅನ್ನುವ ಮಾತು. ಇಲ್ಲದವರದ್ದು ಕಷ್ಟ. ಕಷ್ಟವನ್ನು ಇಷ್ಟ ಅಂತ ಕರೆದರೆ ನಮ್ಮ ಜವಾಬ್ದಾರಿ ತಪ್ಪಿಸಿಕೊಂಡ ಹಾಗೆ.

4. ಸಂತ ಪೌಲರು ಕಂಡ ಜಗಳ

ಊಟದ ಜಗಳ ಹೊಸದಲ್ಲ. ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ 14ನೇ ಅಧ್ಯಾಯ ಇದರ ಬಗ್ಗೆಯೇ ಇದೆ. ಅಲ್ಲಿಯೂ ಕೆಲವರು ಎಲ್ಲವನ್ನೂ ತಿನ್ನುವವರು, ಕೆಲವರು ಸೊಪ್ಪು-ತರಕಾರಿ ಮಾತ್ರ ತಿನ್ನುವವರು. ಪೌಲರು ಇಬ್ಬರಿಗೂ ಬುದ್ಧಿ ಹೇಳುತ್ತಾರೆ. ತಿನ್ನುವವರು ತಿನ್ನದವರನ್ನು ತಿರಸ್ಕಾರದಿಂದ ನೋಡಬಾರದು, ತಿನ್ನದವರು ತಿನ್ನುವವರ ಮೇಲೆ ತೀರ್ಪು ಕೊಡಬಾರದು. ತಿರಸ್ಕಾರ, ತೀರ್ಪು, ಈ ಎರಡೇ ಅಲ್ಲವೇ ಆ ದಿನ ನಮ್ಮ ಅಕ್ಕನ ಮಾತಿನಲ್ಲೂ ಚೇಚಿಯ ಮಾತಿನಲ್ಲೂ ಇದ್ದದ್ದು?

ಆದರೆ ಪೌಲರು ಎಲ್ಲವನ್ನೂ ಇಷ್ಟಕ್ಕೆ ಬಿಡಲಿಲ್ಲ. ಅದೇ ಪತ್ರದ 13ನೇ ಅಧ್ಯಾಯದಲ್ಲಿ ಕೊಲೆ, ಕಳ್ಳತನ ಕೂಡದು ಅನ್ನುವ ಆಜ್ಞೆಗಳನ್ನು ನೆನಪಿಸಿ, ನೆರೆಯವರನ್ನು ಪ್ರೀತಿಸುವುದರಲ್ಲಿ ಅವೆಲ್ಲ ಸೇರಿವೆ ಅನ್ನುತ್ತಾರೆ. ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದೇವೆ. ಯಾವ ಧರ್ಮದವರಾದರೂ ಈ ಮಾತನ್ನು ಬೇಡ ಅನ್ನಲಾರರು.

5. ಸಭೆಯಲ್ಲಿ ಏನು ಮಾಡಬಹುದು?

• “ಅದು ಕೆಟ್ಟದ್ದು” ಅನ್ನುವ ಬದಲು “ನನಗೆ ಸೇರೋದಿಲ್ಲ” ಅಂತ ಹೇಳಿ ಅಭ್ಯಾಸ ಮಾಡೋಣ.
• ಮಾತು ಬಿಸಿಯಾದಾಗ ಅಧ್ಯಕ್ಷೆಯವರು ಒಂದು ಪ್ರಶ್ನೆ ಕೇಳಲಿ: “ಇದು ಇಷ್ಟವಾ, ಸಂಗತಿಯಾ, ಸರಿ-ತಪ್ಪಾ?”
• ಇಷ್ಟದ ವಿಷಯವಾದರೆ ಹೊಂದಿಸಿಕೊಳ್ಳೋಣ. ಪ್ರತಿ ಸಲವೂ ಹೆಚ್ಚು ಜನರ ಇಷ್ಟವೇ ನಡೆಯಬಾರದು. ಸರದಿ ಇರಲಿ.
• ಒಬ್ಬರ ಇಷ್ಟದಿಂದ ಅವರ ಜಾತಿ, ಭಾಷೆ, ಊರನ್ನು ಅಳೆಯುವ ಮಾತು ಬಂದರೆ ಅಲ್ಲಿಗೇ ನಿಲ್ಲಿಸೋಣ.
• ಸರಿ-ತಪ್ಪಿನ ವಿಷಯವಾದರೆ ಸುಮ್ಮನಿರುವುದು ಬೇಡ. ನೊಂದವರ ಜೊತೆ ನಿಲ್ಲೋಣ.

ಆ ಸಂಘದ ಕಥೆ ಏನಾಯ್ತು ಅಂತ ಕೇಳ್ತೀರಾ? ಒಂದು ಭಾನುವಾರ ಅಕ್ಕ ಚೇಚಿಯ ಲೈನ್ ಮನೆಗೆ ಹೋದರು. “ನನಗೆ ಆ ಅನ್ನ ಸೇರಲ್ಲ ಅಂತ ಹೇಳ್ಬೇಕಿತ್ತು ಚೇಚಿ. ಮನುಷ್ಯರು ತಿಂತಾರಾ ಅಂದದ್ದು ತಪ್ಪಾಯ್ತು” ಅಂದರು. “ನಾನೇನು ಕಮ್ಮಿ ಮಾತಾಡಿದ್ನಾ?” ಅಂದರು ಚೇಚಿ. ವಾರ್ಷಿಕೋತ್ಸವದ ದಿನ ಎರಡು ಪಾತ್ರೆಯಲ್ಲಿ ಎರಡು ಅನ್ನ ಬೆಂದಿತು. ಅಕ್ಕನಿಗೆ ಕುಚ್ಚಲಕ್ಕಿ ಇವತ್ತಿಗೂ ಸೇರೋದಿಲ್ಲ. ಸೇರಬೇಕು ಅಂತ ಏನೂ ಇಲ್ಲ. ಚೇಚಿಯ ಕಂತು ಮಾತ್ರ ಈಗ ಸರಿಯಾಗಿ ಬರುತ್ತಿದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಇತ್ತೀಚೆಗೆ ನಡೆದ ಒಂದು ಜಗಳ ನೆನಪಿಸಿಕೊಳ್ಳಿ. ಅದು ಯಾವ ಬುಟ್ಟಿಗೆ ಸೇರುತ್ತದೆ?
2. ಯಾರ ಊಟ, ಉಡುಪು, ಭಾಷೆಯ ಬಗ್ಗೆ ನಾವು ತಮಾಷೆ ಮಾಡುತ್ತೇವೆ? ಅವರಿಗೆ ಹೇಗೆ ಅನ್ನಿಸಿರಬಹುದು?
3. “ಅವರ ಇಷ್ಟ” ಅಂತ ನಾವು ಬಿಟ್ಟುಬಿಟ್ಟ ಯಾವ ವಿಷಯ ನಿಜವಾಗಿ ಅವರ ಕಷ್ಟವಾಗಿತ್ತು?
4. ಸಭೆಗೆ ಬರುವುದನ್ನು ನಿಲ್ಲಿಸಿದ ಸದಸ್ಯರು ಯಾರಾದರೂ ಇದ್ದಾರಾ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?

ನಾಲ್ಕನೇ ಪ್ರಶ್ನೆಯ ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಹೆಸರು ಸಮೇತ ಬರೆದಿಡಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದೋಣ.